ಖಾತ್ರಿಯ ಬೆಲೆ

ಮೈಸೂರು ಕಡೆಯಿಂದ ಬಂದು ಗೂಡಲೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹೆಂಗಸೊಬ್ಬರು ನಮ್ಮ ನೆರೆಯವರು. ಯಾರಾದರೂ ತಮ್ಮ ಸರಕನ್ನು ಹೊಗಳಿದರೆ ತುಟಿ ಕೊಂಕಿಸಿ, "ಎಲುಬಿಲ್ಲದ ನಾಲಿಗೆ ಕಣಪ್ಪ, ಏನ್ ಬೇಕಾದ್ರೂ ಹೇಳುತ್ತೆ" ಅನ್ನುತ್ತಿದ್ದರು.

ಅವರ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದಾಗ ಕೊಯಮತ್ತೂರಿನಲ್ಲಿ ಕೀಮೋ ಶುರುವಾಯಿತು. ನಾನೂ ಜೊತೆಗಿದ್ದೆ. ವಾರ್ಡಿಗೆ ಲ್ಯಾಬಿನವನೊಬ್ಬ ಬಂದ. ಗೆಡ್ಡೆಯ ಚೂರಿನ ಮೇಲೆ ಒಂದೊಂದೇ ಮದ್ದು ಹಾಕಿ, ಯಾವುದಕ್ಕೆ ಸಾಯುತ್ತದೆಂದು ನೋಡಿ ಹೇಳುತ್ತೇವೆ ಎಂದ.

"ಅಲ್ಲಿ ಸತ್ತಿದ್ದು ನನ್ನ ಹೊಟ್ಟೇಲೂ ಸಾಯುತ್ತಾ?"

"ಹಾಗಂತ ಗ್ಯಾರಂಟಿ ಕೊಡಕ್ಕಾಗಲ್ಲಮ್ಮ."

"ದುಡ್ಡು ಮಾತ್ರ ಗ್ಯಾರಂಟಿ."

ಅವರು ಬೇಡವೆಂದರೂ ಮಗಳು ಕೈಯಲ್ಲಿದ್ದ ಚಿನ್ನದ ಬಳೆ ಮಾರಿ ಪರೀಕ್ಷೆ ಮಾಡಿಸಿದಳು. ಡಾಕ್ಟರು ಆಗಲೇ ಕೊಡುತ್ತಿದ್ದ ಮದ್ದೇ ಸರಿಯೆಂದು ವರದಿ ಬಂತು.

"ನೋಡಿದ್ರಾ, ಖಾತ್ರಿ ಆಯ್ತು!" ಎಂದು ಅವನು ಹಲ್ಲು ಕಿರಿದ.

"ಖಾತ್ರಿ ಆಗಿದ್ದು ಡಾಕ್ಟರಿಗೆ. ಅವರ ಹತ್ರ ದುಡ್ಡು ಇಸ್ಕೊಂಡು ನನ್ನ ಮಗಳ ಬಳೆ ವಾಪಸ್ ತಂದ್ಕೊಡು."

ಅವನು ಮೆಲ್ಲಗೆ ಪಕ್ಕದ ಹಾಸಿಗೆಯ ಹೆಂಗಸಿನತ್ತ ಸರಿದ. ಇವರು ಕೊಳವೆ ಚುಚ್ಚಿದ ಕೈಯನ್ನೇ ಊರಿ ಎದ್ದು ಕೂತರು.

"ತಂಗೀ, ಅವನು ಹೇಳೋದನ್ನೆಲ್ಲ ಕೇಳ್ಕೋ. ಆಮೇಲೆ ‘ನಾನು ಬದುಕ್ತೀನಾ’ ಅಂತ ಒಂದೇ ಮಾತು ಕೇಳು."

ಆಕೆ ಹಾಗೆಯೇ ಕೇಳಿದಳು. ಇಡೀ ವಾರ್ಡು ಅವನ ಉತ್ತರಕ್ಕೆ ಕಾಯಿತು. ಅವನು ಚೀಲ ಎತ್ತಿಕೊಂಡು ಹೊರಟ.

ಮಳೆಗಾಲದಲ್ಲಿ, ಆ ಖಾತ್ರಿಯಾದ ಮದ್ದಿನಲ್ಲೇ, ಅವರು ತೀರಿಕೊಂಡರು.