ಈಸ್ಟರ್‌ಗೆ ಮುಂಚಿನ ಏಡಿ

"ಈಸ್ಟರ್‌ಗೆ ಮುಂಚೆ ಏಡಿ ರೇಟು ಬೀಳೋದಾ? ಆಗದ ಮಾತು ಮಾರಾಯ" ಎಂದವರು, ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ನಾನು ಓದುತ್ತಲೇ ಕೆಲಸ ಮಾಡುತ್ತಿದ್ದ ಮೀನು ರಫ್ತು ಕಂಪನಿಯಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದ ಉಡುಪಿಯವರು. ಏಡಿಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿಯೇ ಮಾಂಸ ತುಂಬಿದೆಯೇ ಎಂದು ಹೇಳುತ್ತಿದ್ದರು.

ಆ ಮಾರ್ಚ್‌ನಲ್ಲಿ ಕೋವಿಡ್ ಬಂದು, ನಮ್ಮ ಏಡಿ ಕೊಳ್ಳುತ್ತಿದ್ದ ಸ್ಪೇನಿನ ಹೋಟೆಲುಗಳು ಮುಚ್ಚಿದವು. ಒಂದೇ ಬೆಳಿಗ್ಗೆ ಆರ್ಡರೆಲ್ಲ ರದ್ದಾದವು. ಅವರು ಖಾಲಿ ಕ್ರೇಟಿನ ಮೇಲೆ ಕುಸಿದು ಕೂತು, "ಹಬ್ಬದ ಸೀಸನ್ ಅಲ್ವಾ ಇದು" ಎಂದು ಮೂರು ಸಲ ಕೇಳಿದರು. ಆಮೇಲೆ ಒಬ್ಬೊಬ್ಬ ದೋಣಿಯವನಿಗೂ ತಾವೇ ಫೋನ್ ಮಾಡಿ, ಕೊಳ್ಳುವವರಿಲ್ಲ, ಸುಮ್ಮನೆ ಡೀಸೆಲ್ ಸುಡಬೇಡಿ ಎಂದರು.

ಆ ವರ್ಷ ನನ್ನ ಘಟಿಕೋತ್ಸವ ನಡೆಯಲಿಲ್ಲ. ನಮ್ಮ ಮನೆತನದ ಮೊದಲ ಪದವಿ ಪತ್ರ ಅಂಚೆಯಲ್ಲಿ ಆಫೀಸಿಗೆ ಬಂತು. ಮಾಸ್ಕ್ ಸರಿಮಾಡಿಕೊಂಡು ಅವರೇ ಅದನ್ನು ಎರಡೂ ಕೈಯಿಂದ ಕೊಟ್ಟರು. ವಿಡಿಯೊ ಕಾಲ್‌ನಲ್ಲಿದ್ದ ಅಮ್ಮನಿಗೆ, ದೋಣಿಗಳನ್ನು ತಡೆದವರು ಇವರೇ ಎಂದೆ.

"ನಿನ್ನಪ್ಪ ದೋಣಿ ಇಳಿಸಿ ಡೀಸೆಲ್ ಸಾಲದಲ್ಲಿ ಮುಳುಗುವಾಗ ಹಾಗೆ ಹೇಳೋರು ಯಾರೂ ಇರ್ಲಿಲ್ಲ ಮಗಾ" ಎಂದಳು ಅಮ್ಮ. "ಇನ್ನು ದೋಣಿಯವರಿಗೆ ನೀನು ಹೇಳು."