ಸುವೈಕಿನ ಹೋಟೆಲಿಗೆ ಬಾರದ ಅತ್ತೆ

ಒಮಾನಿನ ರುಸ್ತಾಕಿನಲ್ಲಿ ಬಿಸಿನೀರಿನ ಬುಗ್ಗೆಗೆ ಅತ್ತೆ ನೋಯುವ ಕಾಲು ಇಳಿಬಿಟ್ಟು ಕುಳಿತಿದ್ದರು. ಪಕ್ಕದಲ್ಲಿದ್ದ ಒಮಾನಿ ಅಜ್ಜಿ ಕೇಳದೆಯೇ ಅವರ ಮೊಣಕಾಲು ನೀವತೊಡಗಿದರು. ಆಮೇಲೆ ಎದುರಿನ ತಮ್ಮ ಮನೆ ತೋರಿಸಿ, "ತಆಲಿ, ತಆಲಿ" ಎಂದು ಕರೆದರು. ಅಲ್ಲೇ ಉಳಿದು ಬೆಳಿಗ್ಗೆ ಮತ್ತೆ ನೀರಿಗಿಳಿಯಲು ಸನ್ನೆ ಮಾಡಿದರು.

ನನ್ನ ಗಂಡ ಆ ರಾತ್ರಿಗೆ ಕರಾವಳಿಯ ಸುವೈಕ್ ಪಟ್ಟಣದ ಹೋಟೆಲಿನಲ್ಲಿ ಎ.ಸಿ. ರೂಮು ಹೇಳಿಟ್ಟಿದ್ದರು. ಉಡುಪಿಯಲ್ಲಿ ಪರರ ಮನೆಯ ನೀರನ್ನೂ ಮುಟ್ಟದ ಅತ್ತೆ ಒಪ್ಪಲಾರರೆಂದು ನಾನು ಕಾರಿನ ಬಾಗಿಲು ತೆರೆದೆ.

"ನೀವಿಬ್ರು ಹೋಟೆಲಿಗೆ ಹೋಗಿ ಮಾರಾಯ್ತಿ. ನಾನು ಇವರೊಟ್ಟಿಗೆ ಇರ್ತೇನೆ" ಎಂದರು ಅತ್ತೆ.

ಮರುದಿನ ನಾವು ಹೋದಾಗ ಇಬ್ಬರೂ ಒಂದೇ ತಟ್ಟೆಯಿಂದ ಖರ್ಜೂರ ತಿನ್ನುತ್ತಿದ್ದರು.

ಕಾಲುನೋವು ವಾರದೊಳಗೆ ಮರಳಿತು. ಆದರೆ ಊರಿಗೆ ಹೋದ ಅತ್ತೆ, ಅದುವರೆಗೆ ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದ ನೆರೆಮನೆಯ ಬ್ಯಾರಿ ಮುಸ್ಲಿಂ ಹೆಂಗಸನ್ನು ಒಳಗೆ ಕರೆದು ಚಾ ಕೊಟ್ಟರೆಂದು ನಾದಿನಿ ಕಾಗದ ಬರೆದಳು.