ಎಳ್ಳು ಬೀರಲು ಬರುತ್ತಿದ್ದ ಮಾಮ

ಯಾವ ಕೆಲಸ ಹುಡುಗನದು, ಯಾವುದು ಹುಡುಗಿಯದು ಎಂದು ನಿಮಗೆ ಮೊದಲು ಕಲಿಸಿದವರು ಯಾರು? ನೆನಪಿದೆಯೇ? ಇಂದು ಅಡಾಜಣ್ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಸಂಕ್ರಾಂತಿಗೆಂದು ಹುರಿಯುತ್ತಿದ್ದ ಎಳ್ಳಿನ ಘಮ ನನ್ನನ್ನು ಬಾಲ್ಯದ ಕೊಯಾಲಿ ರಿಫೈನರಿ ಕಾಲೊನಿಗೆ ಕರೆದೊಯ್ಯಿತು. ಎದುರು ಮನೆಯ ಮಾಮನ ಬಳಿಗೆ...

ಅವರು ಮೈಸೂರಿನ ಕಡೆಯವರು, ಅಪ್ಪನಂತೆಯೇ ರಿಫೈನರಿಯ ನೌಕರರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಳ್ಳು ಬೀರುವುದು ಹೆಣ್ಣುಮಕ್ಕಳ ಕೆಲಸವೆಂದೇ ಎಲ್ಲರೂ ನಂಬಿದ್ದ ಆ ಕಾಲೊನಿಯಲ್ಲಿ, ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳ ತಟ್ಟೆ ಹಿಡಿದು ಕನ್ನಡದವರ ಮನೆಮನೆಗೂ ಬರುತ್ತಿದ್ದರು.

"ಬಂದ್ರು ನೋಡ್ರೀ, ನಮ್ಮ ಕಾಲೊನಿ ಮುತ್ತೈದೆ!" ಎಂದು ಹೆಂಗಸರು ನಗುತ್ತಿದ್ದರು.

"ಕುಂಕುಮ ಬೇಡ, ಕಾಫಿ ಕೊಡಿ ಸಾಕು," ಎಂದು ಅವರೂ ನಗುತ್ತಿದ್ದರು.

ಸಂಕ್ರಾಂತಿಯೆಂದರೆ ಇಲ್ಲಿನ ಗುಜರಾತಿಗಳಿಗೆ ಉತ್ತರಾಯಣ, ಆಕಾಶದ ತುಂಬ ಗಾಳಿಪಟ. ಅಣ್ಣ ತಾರಸಿಯಲ್ಲಿ ಪಟ ಹಾರಿಸುತ್ತಿದ್ದ. ನಾನು ರೇಷ್ಮೆ ಲಂಗ ತೊಟ್ಟು ಎಳ್ಳು ಬೀರಿ ಮುಗಿಸಿ ಮೇಲೆ ಹೋದರೂ, ದಾರ ಸುತ್ತಿದ ಫಿರ್ಕಿ ಹಿಡಿದು ಅವನ ಬೆನ್ನ ಹಿಂದೆ ನಿಲ್ಲಬೇಕಿತ್ತು. ಒಮ್ಮೆಯಾದರೂ ದಾರ ನನ್ನ ಬೆರಳಿಗೆ ಬರಲಿ ಎಂಬುದೇ ನನ್ನ ಆಸೆ...

ಐದನೆಯ ತರಗತಿಯ ವರ್ಷ, ತಟ್ಟೆ ಹಿಡಿದು ಮೇಲೆ ನೋಡುತ್ತ ಮೆಟ್ಟಿಲ ಬಳಿ ನಿಂತಿದ್ದೆ. ಮಾಮ ಎದುರಾದರು.

"ಏನಮ್ಮಾ, ಕತ್ತು ಉಳುಕೀತು! ಕೊಡಿಲ್ಲಿ, ನಿಮ್ಮನೆ ಎಳ್ಳೂ ನಾನೇ ಬೀರ್ತೀನಿ. ಇವತ್ತು ಫಿರ್ಕಿ ಅಣ್ಣ ಹಿಡೀಲಿ. ಮಾಮ ಹೇಳಿದ್ರು ಅನ್ನು."

ಅಣ್ಣ ಗೊಣಗಿದ, ಆದರೂ ಹಿಡಿದ. ಗಾಜಿನ ಪುಡಿ ಸವರಿದ ದಾರ ಬೆರಳನ್ನು ಕೊಯ್ದರೂ ನಾನು ಬಿಡಲಿಲ್ಲ. ಆಕಾಶಕ್ಕೂ ಒಂದು ಸೆಳೆತವಿದೆಯೆಂದು ತಿಳಿದದ್ದು ಅಂದೇ.

ಸಂಜೆ ಅಮ್ಮ ಗಾಯಕ್ಕೆ ಅರಿಸಿನ ಒತ್ತುತ್ತ, "ಅವರಿಗೇನು, ಗಂಡಸರು. ನಾಳೆ ಜನ ಆಡಿಕೊಳ್ಳೋದು ನನ್ನನ್ನ," ಎಂದಳು. ಆ ದನಿಯಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಿತ್ತು. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಮಾಮ ನಿವೃತ್ತರಾಗಿ ಊರಿಗೆ ಮರಳಿದ್ದರು. ತಟ್ಟೆ ಮತ್ತೆ ನನ್ನ ಕೈಗೆ ಬಂತು, ದಾರ ಅಣ್ಣನ ಕೈಗೆ...

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ತಲುಪಿತು. ಇಂದು ಎಳ್ಳು ಹುರಿಯುತ್ತಿದ್ದಾಗ ನನ್ನ ಪುಟ್ಟ ಮಗ ಬಂದು ಕೇಳಿದ: "ಅಮ್ಮ, ಫಿರ್ಕಿ ತೋ ದೀದಿ ಪಕಡೇಗೀ ನಾ?" ಅಕ್ಕನೇ ಹಿಡಿಯಬೇಕೆಂದು ಅವನಿಗೆ ಯಾರೂ ಕೂರಿಸಿ ಹೇಳಿರಲಿಲ್ಲ; ನಮ್ಮ ತಾರಸಿಗಳನ್ನು ನೋಡಿಯೇ ಕಲಿತಿದ್ದ.

"ಇಲ್ಲ ಕಂದ, ಈ ಸಲ ನೀನು ಹಿಡೀಬೇಕು. ಅದಕ್ಕೂ ಮುಂಚೆ ನನ್ನ ಜೊತೆ ಎಳ್ಳು ಬೀರೋಕೆ ಬರಬೇಕು," ಎಂದೆ.

ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಆ ಮಾಮ ಇನ್ನಿಲ್ಲ. ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ: ಈ ಸಂಕ್ರಾಂತಿಗೆ ಎಳ್ಳಿನ ತಟ್ಟೆಯನ್ನು ನಿಮ್ಮ ಮಗನ ಕೈಗೆ ಕೊಡಿ, ದಾರವನ್ನು ಮಗಳ ಕೈಗೆ.